ಆರು ಪಂದ್ಯದ ನಿಯಮ, ಐದು ಪಂದ್ಯದ ತಂಡ: ಬಿಗ್ ಟೆನ್ ಮಾಡಿದ್ದು ಸರಿಯೇ?

ಅಮೆರಿಕದ ಕಾಲೇಜು ಫುಟ್‌ಬಾಲ್ ಎಂದರೆ ನಾವು ಕಾಲಲ್ಲಿ ಒದೆಯುವ ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡಿನ ಆಟ. ಅದರ 2020ರ ಸೀಸನ್ ಕೋವಿಡ್‌ನಿಂದ ಚೆಲ್ಲಾಪಿಲ್ಲಿಯಾಯಿತು. ಆಗ 14 ವಿಶ್ವವಿದ್ಯಾಲಯಗಳಿದ್ದ ಬಿಗ್ ಟೆನ್ ಕಾನ್ಫರೆನ್ಸ್ (ಒಂದೇ ಲೀಗ್‌ನಲ್ಲಿ ಆಡುವ ತಂಡಗಳ ಕೂಟ) ಆಗಸ್ಟ್ 11ರಂದು ಆಟವನ್ನೇ ಮುಂದೂಡಿತು. ಸೆಪ್ಟೆಂಬರ್ 16ರಂದು ಮನಸ್ಸು ಬದಲಿಸಿ ಅಕ್ಟೋಬರ್ 23ಕ್ಕೆ ಆಟ ಶುರುಮಾಡಿತು. ಎಂಟು ವಾರಕ್ಕೆ ಎಂಟು ಪಂದ್ಯ, ನಡುವೆ ಒಂದು ವಾರವೂ ಬಿಡುವಿಲ್ಲ. ಈಸ್ಟ್ ಮತ್ತು ವೆಸ್ಟ್ ವಿಭಾಗಗಳ ಮೊದಲಿಗರು ಡಿಸೆಂಬರ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ಫೈನಲ್ ಆಡಬೇಕಿತ್ತು. ಅಲ್ಲಿಗೆ ಹೋಗುವ ತಂಡ ಕನಿಷ್ಠ ಆರು ಪಂದ್ಯ ಆಡಿರಲೇಬೇಕು ಎಂಬ ನಿಯಮವಿತ್ತು. ಡಿಸೆಂಬರ್ ಮೊದಲ ವಾರ ಮುಗಿದಾಗ ಈಸ್ಟ್‌ನಲ್ಲಿ ಓಹಾಯೊ ಸ್ಟೇಟ್ ಐದಕ್ಕೆ ಐದೂ ಗೆದ್ದಿತ್ತು. ಇಂಡಿಯಾನಾ ಏಳರಲ್ಲಿ ಆರು ಗೆದ್ದಿತ್ತು, ಸೋತ ಒಂದು ಪಂದ್ಯ ಓಹಾಯೊ ಸ್ಟೇಟ್ ವಿರುದ್ಧವೇ. ಓಹಾಯೊ ಸ್ಟೇಟ್‌ಗೆ ಉಳಿದಿದ್ದ ಮಿಶಿಗನ್ ಪಂದ್ಯ ಡಿಸೆಂಬರ್ 8ರಂದು ರದ್ದಾಯಿತು. ಮರುದಿನವೇ ಬಿಗ್ ಟೆನ್ ಆರು ಪಂದ್ಯದ ನಿಯಮವನ್ನು ತೆಗೆದುಹಾಕಿ ಓಹಾಯೊ ಸ್ಟೇಟನ್ನು ಫೈನಲ್‌ಗೆ ಕಳಿಸಿತು.

ಪರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು

ಓಹಾಯೊ ಸ್ಟೇಟ್‌ಗೆ ಮೂರು ಪಂದ್ಯ ತಪ್ಪಿದ್ದು ಯಾಕೆ ಎಂಬುದನ್ನು ಮೊದಲು ನೋಡಿ. ನವೆಂಬರ್ 14ರ ಪಂದ್ಯ ನಿಂತಿದ್ದು ಮೇರಿಲ್ಯಾಂಡ್ ತಂಡದಲ್ಲಿ ಸೋಂಕು ಹಬ್ಬಿದ್ದಕ್ಕೆ. ಡಿಸೆಂಬರ್ 12ರದ್ದು ನಿಂತಿದ್ದು ಮಿಶಿಗನ್ ತಂಡದಲ್ಲಿ ಹಬ್ಬಿದ್ದಕ್ಕೆ. ಮಿಶಿಗನ್ ಅದರ ಹಿಂದಿನ ಶನಿವಾರವೂ ಆಡಿರಲಿಲ್ಲ. ಓಹಾಯೊ ಸ್ಟೇಟ್ ತಾನಾಗಿ ಕೈಬಿಟ್ಟದ್ದು ಒಂದೇ ಒಂದು, ನವೆಂಬರ್ 28ರ ಇಲಿನಾಯ್ ಪಂದ್ಯ. ಮುಖ್ಯ ಕೋಚ್ ರಯಾನ್ ಡೇ ಅವರಿಗೇ ಪಾಸಿಟಿವ್ ಬಂದಿತ್ತು. ಬೇರೆ ಕೋಚ್ ಕೈಗೆ ತಂಡ ಕೊಟ್ಟು ಹೊರಡುವ ಯೋಚನೆಯಿತ್ತು, ಆದರೆ ಇನ್ನಷ್ಟು ಪಾಸಿಟಿವ್ ಬಂದಾಗ ಹಿಂದಿನ ರಾತ್ರಿ ಪ್ರಯಾಣವನ್ನೇ ನಿಲ್ಲಿಸಿದರು. ಆ ಸೀಸನ್‌ನಲ್ಲಿ ಯಾವ ತಂಡವೂ ಮಾಡಬೇಕಾಗಿದ್ದ ಕೆಲಸ ಅದು.

ಬಿಗ್ ಟೆನ್‌ನ ಆರೋಗ್ಯ ನಿಯಮ ಎಷ್ಟು ಬಿಗಿ ಎಂಬುದು ಗೊತ್ತಿಲ್ಲದೆ ಈ ಲೆಕ್ಕ ಅರ್ಥವಾಗುವುದಿಲ್ಲ. ದಿನವೂ ಅಭ್ಯಾಸಕ್ಕೆ ಮೊದಲು ಎಲ್ಲರಿಗೂ ಆಂಟಿಜೆನ್ ಪರೀಕ್ಷೆ, ಪಾಸಿಟಿವ್ ಬಂದರೆ ಪಿಸಿಆರ್‌ನಿಂದ ಖಾತ್ರಿ. ಖಾತ್ರಿಯಾದ ಆಟಗಾರನಿಗೆ ಐಸೊಲೇಷನ್, ಆಮೇಲೆ ಹೃದಯದ ತಪಾಸಣೆ: ರಕ್ತದಲ್ಲಿ ಟ್ರೊಪೋನಿನ್ (ಹೃದಯಕ್ಕೆ ಪೆಟ್ಟಾದರೆ ಏರುವ ಅಂಶ), ಇಸಿಜಿ, ಎಕೋ, ಎಂಆರ್‌ಐ. ಹೃದ್ರೋಗ ತಜ್ಞರು ಒಪ್ಪಿದರೂ 21 ದಿನದ ಮೊದಲು ಅವನು ಪಂದ್ಯಕ್ಕೆ ಇಳಿಯುವಂತಿರಲಿಲ್ಲ. ಇಡೀ ತಂಡಕ್ಕೂ ಎರಡು ಮಿತಿಗಳಿದ್ದವು. ಏಳು ದಿನದ ಸರಾಸರಿಯಲ್ಲಿ ಮಾಡಿದ ಪರೀಕ್ಷೆಗಳ ಪೈಕಿ ಶೇ. 5ಕ್ಕಿಂತ ಹೆಚ್ಚು ಪಾಸಿಟಿವ್, ಜೊತೆಗೆ ತಂಡದ ಒಟ್ಟು ಜನರಲ್ಲಿ ಶೇ. 7.5ಕ್ಕಿಂತ ಹೆಚ್ಚು ಸೋಂಕಿತರು ಎಂದಾದರೆ ಕನಿಷ್ಠ ಏಳು ದಿನ ಅಭ್ಯಾಸವೂ ಬಂದ್, ಪಂದ್ಯವೂ ಬಂದ್. ಆಟಗಾರರು, ಕೋಚ್‌ಗಳು, ಸಿಬ್ಬಂದಿ ಸೇರಿ 160 ಜನ ಎಂದಿಟ್ಟುಕೊಳ್ಳಿ, ಹನ್ನೆರಡು ಜನ ಮಲಗಿದರೆ ಗೆರೆ ಮುಟ್ಟಿದಂತೆ. ಒಂದು ಕೊಠಡಿಯಲ್ಲಿ ಕೂತು ವಿಡಿಯೊ ನೋಡುವ ಗುಂಪೇ ಅದಕ್ಕೆ ಸಾಕು.

ಹೀಗೆ ಒಂದು ವಾರ ಹೋದರೆ ಆ ಪಂದ್ಯ ಹೋದಂತೆಯೇ, ಏಕೆಂದರೆ ತುಂಬಿಕೊಳ್ಳಲು ಖಾಲಿ ವಾರವೇ ಇರಲಿಲ್ಲ. ಹೊರಗಿನ ಎದುರಾಳಿಯನ್ನು ಕರೆಸಿಕೊಳ್ಳುವ ದಾರಿಯೂ ಮುಚ್ಚಿತ್ತು. ವಿಸ್ಕಾನ್ಸಿನ್ ಕೈಕೊಟ್ಟಾಗ ನೆಬ್ರಾಸ್ಕಾ ಅದೇ ಶನಿವಾರಕ್ಕೆ ಚಾಟನೂಗಾ ತಂಡದ ಜೊತೆ ಆಡುತ್ತೇವೆ ಎಂದು ಕೇಳಿತು. ಕಾನ್ಫರೆನ್ಸ್ ಬೇಡ ಅಂದಿತು. ಅಂದರೆ ಎದುರಾಳಿ ಮಲಗಿದರೆ ನೀವೂ ಮಲಗಬೇಕು, ಆಮೇಲೆ ಎದ್ದು ಬಂದಾಗ ‘ನೀವು ಪಂದ್ಯ ಆಡಿಲ್ಲ’ ಎಂಬ ಮಾತು ಕೇಳಬೇಕು. ಇದನ್ನು ನ್ಯಾಯ ಎನ್ನಲು ನನ್ನಿಂದಾಗುವುದಿಲ್ಲ.

ನನಗೆ ಹೆಚ್ಚು ಆತಂಕ ತರುವುದು ಬೇರೆ ವಿಷಯ. ಇಂತಿಷ್ಟು ಪಂದ್ಯ ಆಡಲೇಬೇಕು ಎಂದರೆ, ಸೋಂಕು ಕಂಡೂ ಕಾಣದಂತೆ ಇರುವ ಆಸೆ ತಂಡಕ್ಕೆ ಹುಟ್ಟುತ್ತದೆ. ಇಲಿನಾಯ್‌ಗೆ ಹೊರಡಬೇಕಾದ ಆ ರಾತ್ರಿ, ಇದೊಂದು ಪಂದ್ಯ ಬಿಟ್ಟರೆ ಫೈನಲ್ ಕೈತಪ್ಪಬಹುದು ಎಂಬುದು ಓಹಾಯೊ ಸ್ಟೇಟ್‌ಗೆ ತಿಳಿದೇ ಇತ್ತು. ತಿಳಿದೂ ಬಿಟ್ಟರು. ಹತ್ತೊಂಬತ್ತು ಇಪ್ಪತ್ತರ ಹುಡುಗರ ಹೃದಯ, ಶ್ವಾಸಕೋಶದ ಪ್ರಶ್ನೆ ಅದು. ಬಿಟ್ಟವರಿಗೆ ದಂಡ ಹಾಕುವ ನಿಯಮ ಮುಂದಿನ ತಂಡಕ್ಕೆ ಯಾವ ಪಾಠ ಕಲಿಸುತ್ತದೆ?

ಮೈದಾನದಲ್ಲಿ ಯಾರು ಮೇಲು ಎಂಬುದಕ್ಕೂ ಉತ್ತರ ಸಿಕ್ಕಾಗಿತ್ತು. ನವೆಂಬರ್ 21ರಂದು ಇಂಡಿಯಾನಾ ಮತ್ತು ಓಹಾಯೊ ಸ್ಟೇಟ್ ತಂಡಗಳೇ ಎದುರುಬದುರಾಗಿ ಓಹಾಯೊ ಸ್ಟೇಟ್ 42-35ರಿಂದ ಗೆದ್ದಿತ್ತು. ಮಿಶಿಗನ್ ವಿರುದ್ಧ ಗೆದ್ದರೂ ಸೋತರೂ ಈಸ್ಟ್‌ನಲ್ಲಿ ಅವರೇ ಮೊದಲಿಗರು ಎಂಬುದು ಕಾನ್ಫರೆನ್ಸ್ ಕೊಟ್ಟ ಕಾರಣ. ಸೋಲದ ತಂಡವನ್ನು ಮನೆಯಲ್ಲಿ ಕೂರಿಸಿ, ಅದರ ಕೈಯಲ್ಲಿ ಸೋತ ತಂಡವನ್ನು ಫೈನಲ್‌ಗೆ ಕಳಿಸಿದ್ದರೆ ಆ ಟ್ರೋಫಿಗೆ ಏನು ಬೆಲೆ ಇರುತ್ತಿತ್ತು?

ನಡುವೆ ನಿಯಮ ಬದಲಿಸುವುದೇ ತಪ್ಪು ಎನ್ನುವವರು ಅದೇ ನವೆಂಬರ್‌ನಲ್ಲಿ ಕ್ರಿಕೆಟ್‌ನಲ್ಲಿ ಆದದ್ದನ್ನು ನೆನೆಯಲಿ. ಸರಣಿಗಳು ರದ್ದಾಗಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನ ಅಂಕಪಟ್ಟಿ ಅರ್ಥ ಕಳೆದುಕೊಂಡಾಗ, ನಮ್ಮ ಅನಿಲ್ ಕುಂಬ್ಳೆ ಮುಖ್ಯಸ್ಥರಾಗಿದ್ದ ಐಸಿಸಿ ಕ್ರಿಕೆಟ್ ಸಮಿತಿಯ ಶಿಫಾರಸಿನಂತೆ ಒಟ್ಟು ಅಂಕ ಬಿಟ್ಟು ಶೇಕಡಾವಾರು ಲೆಕ್ಕ ತಂದರು. ಆಡಲಾಗದ ಪಂದ್ಯಕ್ಕೆ ಯಾರನ್ನೂ ಹೊಣೆ ಮಾಡಬಾರದು ಎಂಬುದೇ ಅದರ ತಿರುಳು. ಬಿಗ್ ಟೆನ್ ಮಾಡಿದ್ದೂ ಅದನ್ನೇ.

ವಿರೋಧ: ಮುಖ ನೋಡಿ ಮಣೆ ಹಾಕಿದರು

ಕುಂಬ್ಳೆ ಸಮಿತಿಯ ಉದಾಹರಣೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ನನ್ನ ವಾದಕ್ಕೇ ಸಾಕ್ಷಿ. ಆ ಬದಲಾವಣೆ ಒಂಬತ್ತೂ ತಂಡಗಳಿಗೆ ಒಂದೇ ಅಳತೆಗೋಲಾಗಿ ಬಂತು. 360 ಅಂಕಗಳೊಂದಿಗೆ ಮೇಲಿದ್ದ ಭಾರತ ಶೇ. 75ಕ್ಕೆ ನಿಂತು, 296 ಅಂಕಗಳ ಆಸ್ಟ್ರೇಲಿಯಾ ಶೇ. 82.22ರೊಂದಿಗೆ ಮೇಲೇರಿತು. ಇನ್ನೂ ಆಡುವ ಸರಣಿಗಳು ಬಾಕಿ ಇದ್ದವು, ಎಲ್ಲರಿಗೂ ಹೊಸ ಲೆಕ್ಕದ ಪ್ರಕಾರ ಆಡಲು ಸಮಯವಿತ್ತು. ಬಿಗ್ ಟೆನ್ ನಿಯಮ ತೆಗೆದದ್ದು ಫೈನಲ್‌ಗೆ ಹತ್ತು ದಿನ ಇರುವಾಗ. ಅದರಿಂದ ಒಳಗೆ ಬಂದ ತಂಡ 14ರಲ್ಲಿ ಒಂದೇ.

ಇನ್ನೊಂದು ಮಾತನ್ನು ಪರ ವಾದಿಸುವವರು ಹೇಳುವುದಿಲ್ಲ. ಆರು ಪಂದ್ಯದ ನಿಯಮದೊಳಗೇ ರಿಯಾಯಿತಿ ಇತ್ತು. ಎಲ್ಲ 14 ತಂಡಗಳು ಆಡಿದ ಪಂದ್ಯಗಳ ಸರಾಸರಿ ಆರಕ್ಕಿಂತ ಕೆಳಗಿಳಿದರೆ, ಆ ಸರಾಸರಿಗಿಂತ ಎರಡು ಪಂದ್ಯ ಕಡಿಮೆ ಆಡಿದ ತಂಡವೂ ಅರ್ಹ ಎಂದು ಬರೆದಿತ್ತು. ಅಂದರೆ ನಿಯಮ ಬರೆದವರಿಗೆ ಸೋಂಕಿನ ಅಂದಾಜು ಇತ್ತು. ಇಡೀ ಕಾನ್ಫರೆನ್ಸ್ ಮುಗ್ಗರಿಸಿದರೆ ಗೆರೆ ಕೆಳಗಿಳಿಯಬೇಕು, ಒಂದು ತಂಡ ಮುಗ್ಗರಿಸಿದರೆ ಇಳಿಯಬಾರದು ಎಂದು ಯೋಚಿಸಿಯೇ ಬರೆದಿದ್ದರು. ಡಿಸೆಂಬರ್ 12ರ ಪಂದ್ಯಗಳನ್ನೂ ಸೇರಿಸಿದರೆ ಸರಾಸರಿ ಆರೂವರೆಯ ಹತ್ತಿರ. ರಿಯಾಯಿತಿ ಅನ್ವಯಿಸಲಿಲ್ಲ, ಆದ್ದರಿಂದ ನಿಯಮವನ್ನೇ ತೆಗೆದರು. ಈ ಐದು ಪಂದ್ಯದ ತಂಡ ಹೆಸರಿಲ್ಲದ ಯಾವುದೋ ಸಾಧಾರಣ ತಂಡವಾಗಿದ್ದರೆ, ದೇಶದ ನಾಲ್ಕು ತಂಡಗಳನ್ನಷ್ಟೇ ಆರಿಸುತ್ತಿದ್ದ ರಾಷ್ಟ್ರೀಯ ಪ್ಲೇಆಫ್‌ಗೆ ಹೋಗುವ ಸಾಧ್ಯತೆ ಅದಕ್ಕಿಲ್ಲದಿದ್ದರೆ, ತೆಗೆಯುತ್ತಿದ್ದರೇ? ಪ್ಲೇಆಫ್‌ಗೆ ಆಯ್ಕೆಯಾಗುವ ಪ್ರತಿ ತಂಡಕ್ಕೂ ಅದರ ಕಾನ್ಫರೆನ್ಸ್‌ಗೆ 60 ಲಕ್ಷ ಡಾಲರ್ ಬರುತ್ತಿತ್ತು. ಅದನ್ನು ಮರೆತು ಈ ನಿರ್ಧಾರವನ್ನು ತೂಗಲಾಗದು.

ಪಂದ್ಯ ಆಡದಿರುವುದನ್ನು ಬರೀ ನಷ್ಟ ಎಂದು ನೋಡುವುದೂ ತಪ್ಪು. ಈ ಆಟದಲ್ಲಿ ಪ್ರತಿ ಪಂದ್ಯವೂ ಮೈಗೆ ಬೀಳುವ ಪೆಟ್ಟು. ಓಹಾಯೊ ಸ್ಟೇಟ್ ಮೈದಾನಕ್ಕಿಳಿಯದ ಅದೇ ನವೆಂಬರ್ 28ರ ಶನಿವಾರ ಇಂಡಿಯಾನಾ ತನ್ನ ಆರನೇ ಪಂದ್ಯವನ್ನು ಮೇರಿಲ್ಯಾಂಡ್ ವಿರುದ್ಧ ಆಡಿತು. ಆ ಪಂದ್ಯವನ್ನೇನೋ 27-11ರಿಂದ ಗೆದ್ದಿತು, ಆದರೆ ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮೈಕೆಲ್ ಪೆನಿಕ್ಸ್ ಅವರ ಮೊಣಕಾಲಿನ ಎಸಿಎಲ್ ಎಂಬ ಕಟ್ಟುನಾರು ಹರಿಯಿತು, ಅವರ ಸೀಸನ್ ಅಲ್ಲಿಗೇ ಮುಗಿಯಿತು. ಒಂದು ವಾರದ ಹಿಂದಷ್ಟೇ ಓಹಾಯೊ ಸ್ಟೇಟ್ ವಿರುದ್ಧ 491 ಗಜ ಪಾಸ್ ಎಸೆದು, ಐದು ಟಚ್‌ಡೌನ್ ಕೊಡಿಸಿ, 35-7ರಿಂದ ಹಿಂದಿದ್ದ ತಂಡವನ್ನು 42-35ರವರೆಗೆ ತಂದವರು ಅವರೇ. ಮುಂದಿನ ವಾರ ಬದಲಿ ಕ್ವಾರ್ಟರ್‌ಬ್ಯಾಕ್ ಜೊತೆ ಇಂಡಿಯಾನಾ ವಿಸ್ಕಾನ್ಸಿನ್‌ನ ಊರಿಗೇ ಹೋಗಿ 14-6ರಿಂದ ಗೆದ್ದಿತು. ಏಳು ಪಂದ್ಯದ ತಂಡ ತೆತ್ತ ಬೆಲೆ ಇದು. ಐದು ಪಂದ್ಯದ ತಂಡದ ‘ಸೋಲಿಲ್ಲ’ ಎಂಬ ದಾಖಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇನ್ನೆರಡು ಪಂದ್ಯ ಆಡಿದ್ದರೆ ಅಲ್ಲೂ ಒಂದು ಗಾಯ, ಒಂದು ಸೋಲು ಆಗುತ್ತಿರಲಿಲ್ಲ ಎಂದು ಯಾರು ಖಾತ್ರಿ ಕೊಡುತ್ತಾರೆ?

ಎದುರಾಳಿಯ ಸೋಂಕಿಗೆ ಓಹಾಯೊ ಸ್ಟೇಟನ್ನು ಹೊಣೆ ಮಾಡಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಸರಿಯಾದ ನಿಯಮ ಬರೆಯುವುದು ಕಷ್ಟವೂ ಆಗಿರಲಿಲ್ಲ. ‘ಎದುರಾಳಿಯ ಕಾರಣಕ್ಕೆ ರದ್ದಾದ ಪಂದ್ಯವನ್ನು, ಸಿದ್ಧವಿದ್ದ ತಂಡ ಆಡಿದೆ ಎಂದೇ ಅರ್ಹತೆಯ ಲೆಕ್ಕಕ್ಕೆ ಹಿಡಿಯುವುದು, ಗೆಲುವು ಸೋಲಿನ ಲೆಕ್ಕಕ್ಕೆ ಬೇಡ’ ಎಂದು ಅಕ್ಟೋಬರ್‌ನಲ್ಲೇ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಓಹಾಯೊ ಸ್ಟೇಟ್‌ಗೆ ಐದಕ್ಕೆ ಎರಡು ಸೇರಿ ಏಳಾಗುತ್ತಿತ್ತು, ಇಂಡಿಯಾನಾಗೂ ಮೊದಲೇ ತಿಳಿದಿರುತ್ತಿತ್ತು. ಆ ಸಾಲು ಬರೆಯಲಿಲ್ಲ. ಬಿಡುವಿನ ವಾರವನ್ನೂ ಇಡಲಿಲ್ಲ. ಬಿಗ್ ಟೆನ್‌ನಂಥದೇ ಇನ್ನೊಂದು ಕೂಟವಾದ ಎಸ್‌ಇಸಿ ಕಾನ್ಫರೆನ್ಸ್ ಸೆಪ್ಟೆಂಬರ್ 26ಕ್ಕೇ ಶುರುಮಾಡಿ, ಹತ್ತು ಪಂದ್ಯಗಳ ನಡುವೆ ಒಂದು ಬಿಡುವು ಕೊಟ್ಟು, ಕೊನೆಯಲ್ಲಿ ಡಿಸೆಂಬರ್ 12ನ್ನು ಬಾಕಿ ಪಂದ್ಯಗಳಿಗೆಂದೇ ಖಾಲಿ ಇಟ್ಟಿತ್ತು. ಕನಿಷ್ಠ 53 ಸ್ಕಾಲರ್‌ಷಿಪ್ ಆಟಗಾರರು, ಅವರಲ್ಲಿ ಏಳು ಅಫೆನ್ಸಿವ್ ಲೈನ್‌ಮನ್ (ದಾಳಿಯ ಮುಂಸಾಲಿನವರು), ನಾಲ್ಕು ಡಿಫೆನ್ಸಿವ್ ಲೈನ್‌ಮನ್ (ರಕ್ಷಣೆಯ ಮುಂಸಾಲಿನ ನಡುವಿನವರು), ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದರೆ ಆಡಬೇಕು ಎಂದು ಅಲ್ಲಿ ಮೊದಲೇ ಬರೆದಿತ್ತು. ಬಿಗ್ ಟೆನ್ ಆಗಸ್ಟ್‌ನಲ್ಲಿ ಹಿಂದೆಗೆದು, ಅಕ್ಟೋಬರ್‌ನಲ್ಲಿ ಅವಸರಪಟ್ಟಿತು. ಆ ಎಡವಟ್ಟಿನ ಬೆಲೆ ತೆರಬೇಕಾದವರು ಇಂಡಿಯಾನಾದ ಹುಡುಗರಲ್ಲ.

21 ದಿನದ ನಿಯಮವನ್ನು ಡಿಸೆಂಬರ್‌ನಲ್ಲಿ 17 ದಿನಕ್ಕೆ ಇಳಿಸಿದ್ದನ್ನೂ ನೋಡಿ. ಅದೂ ಸೀಸನ್ ನಡುವಿನ ಬದಲಾವಣೆಯೇ, ಆದರೆ ಅದಕ್ಕೆ ನನ್ನ ತಕರಾರಿಲ್ಲ. ಅದು ಯಾವ ತಂಡದ್ದೇ ಆಗಲಿ, ಪಾಸಿಟಿವ್ ಬಂದ ಎಲ್ಲ ಆಟಗಾರರಿಗೂ ಸಮನಾಗಿ ಅನ್ವಯಿಸಿತು.

ಓಹಾಯೊ ಸ್ಟೇಟ್ ಆಮೇಲೆ ಗೆದ್ದಿತಲ್ಲ ಎನ್ನುವವರಿದ್ದಾರೆ. ಹೌದು, ಬಿಗ್ ಟೆನ್ ಫೈನಲ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ 22-10, ಪ್ಲೇಆಫ್ ಸೆಮಿಫೈನಲ್‌ನಲ್ಲಿ ಕ್ಲೆಮ್ಸನ್ ವಿರುದ್ಧ 49-28. ರಾಷ್ಟ್ರೀಯ ಫೈನಲ್‌ನಲ್ಲಿ ಅಲಬಾಮಾಗೆ 52-24ರಿಂದ ಸೋತಿತು. ಅದೇ ಅಲಬಾಮಾ ಅಕ್ಟೋಬರ್ 3ರಂದು ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು ಸೋಲಿಸಿದ್ದೂ 52-24ರಿಂದಲೇ. ಒಂಬತ್ತರಲ್ಲಿ ಎಂಟು ಗೆದ್ದ ಎ ಅಂಡ್ ಎಂ ಪ್ಲೇಆಫ್ ಆಯ್ಕೆಗಾರರ ಪಟ್ಟಿಯಲ್ಲಿ ಐದನೇ ಸ್ಥಾನ ಪಡೆದು ಪ್ಲೇಆಫ್‌ನ ಹೊರಗೆ ನಿಂತಿತ್ತು. ಒಂಬತ್ತಕ್ಕೆ ಒಂಬತ್ತೂ ಗೆದ್ದ ಸಿನ್ಸಿನಾಟಿ ಎಂಟನೇ ಸ್ಥಾನದಲ್ಲಿ. 1967ರಿಂದ ಬಿಗ್ ಟೆನ್ ಪ್ರಶಸ್ತಿ ಕಾಣದಿದ್ದ ಇಂಡಿಯಾನಾಗೆ ಹನ್ನೊಂದನೇ ಸ್ಥಾನ. ಸೀಸನ್ ಕೊನೆಗೆ ಆಹ್ವಾನದ ಮೇಲೆ ಆಡುವ ಬೌಲ್ ಪಂದ್ಯಗಳ ಪೈಕಿ ದೊಡ್ಡದು ಒಂದೂ ಸಿಗಲಿಲ್ಲ, ಪರ್ಡ್ಯೂ ವಿರುದ್ಧದ ಕೊನೆಯ ಲೀಗ್ ಪಂದ್ಯವೂ ಎರಡು ಸಲ ರದ್ದಾಯಿತು. ಆ ಹುಡುಗರು ಜನವರಿ 2ರಂದು ಟ್ಯಾಂಪಾದ ಔಟ್‌ಬ್ಯಾಕ್ ಬೌಲ್‌ಗೆ ಹೋದರು.