‘ನಿನಗೆ’ ಅನ್ನೋದು ಎಷ್ಟನೇ ಜಾಗದಲ್ಲಿ ಕೂರಬೇಕು?

ಕೈಯಲ್ಲಿ ಒಂದು ಬಾಳೆಹಣ್ಣಿದೆ. ಎದುರಿಗಿದ್ದವರಿಗೆ ‘ನಾನು ನಿನಗೆ ಇದನ್ನು ಕೊಡ್ತೀನಿ’ ಅನ್ನಬೇಕು. ಲೋಜ್ಬಾನ್ ಭಾಷೆಯಲ್ಲಿ ಮಿ ಅಂದರೆ ನಾನು, ದೋ ಅಂದರೆ ನೀನು, ತಿ ಅಂದರೆ ಇದು, ದುಂದ ಅಂದರೆ ಕೊಡು. ಕನ್ನಡದವರು ಸೀದಾ ‘ಮಿ ದೋ ತಿ ದುಂದ’ ಅಂತ ಜೋಡಿಸ್ತೀವಿ. ನಾನೂ ಹಾಗೇ ಜೋಡಿಸಿದ್ದೆ. ಆದರೆ ಅದರ ಅರ್ಥ ‘ನಾನು ನಿನ್ನನ್ನು ಇದಕ್ಕೆ ಕೊಡ್ತೀನಿ’!

ಲೋಜ್ಬಾನ್ ತರ್ಕದ ಮೇಲೆ ಕಟ್ಟಿದ ಭಾಷೆ. 1955ರಲ್ಲಿ ಜೇಮ್ಸ್ ಕುಕ್ ಬ್ರೌನ್ ಶುರು ಮಾಡಿದ ಲೋಗ್ಲಾನ್‌ನಿಂದ 1987ರಲ್ಲಿ ಕವಲೊಡೆದು ಬಂದದ್ದು. ಇದರಲ್ಲಿ ವಿಭಕ್ತಿ ಇಲ್ಲ. ಪ್ರತಿ ಕ್ರಿಯಾಪದಕ್ಕೂ ಎಣಿಸಿಟ್ಟ ಜಾಗಗಳಿವೆ. ದುಂದ ಪದಕ್ಕೆ ಮೊದಲನೆಯದು ಕೊಡುವವರು, ಎರಡನೆಯದು ವಸ್ತು, ಮೂರನೆಯದು ಪಡೆಯುವವರು. ಕ್ರಿಯಾಪದವನ್ನು ನಮ್ಮ ಹಾಗೆ ಕೊನೆಗಿಟ್ಟರೂ ತಪ್ಪಿಲ್ಲ, ಎಣಿಕೆ ಮಾತ್ರ ತಪ್ಪಬಾರದು.

ಜಾಗ ಅದಲುಬದಲು ಮಾಡಬೇಕಾದರೆ ಫಾ, ಫೆ, ಫಿ, ಫೋ, ಫು ಅನ್ನುವ ಐದು ಗುರುತುಗಳಿವೆ. ಫೆ ಅಂದರೆ ಎರಡನೇ ಜಾಗ, ಫಿ ಅಂದರೆ ಮೂರನೆಯದು. ‘ಮಿ ಫಿ ದೋ ಫೆ ತಿ ದುಂದ’ ಅಂದರೆ ಸರಿಹೋಯಿತು. ಇಲ್ಲಿ ಫೆ ಬಿಟ್ಟರೆ ಕೆಟ್ಟಿತು. ಫಿ ಆದಮೇಲೆ ಗುರುತಿಲ್ಲದೆ ಬರುವ ಪದ ನಾಲ್ಕನೇ ಜಾಗಕ್ಕೆ ಹೋಗುತ್ತೆ, ದುಂದ ಪದಕ್ಕೆ ನಾಲ್ಕನೇ ಜಾಗವೇ ಇಲ್ಲ.

ಫಿ ಅಂದರೆ ನಮ್ಮ ‘ಗೆ’ ಇದ್ದ ಹಾಗೆ ಅಂದುಕೊಂಡಿರಾ? ಕ್ಲಾಮ ಅಂದರೆ ಹೋಗು. ಅದರಲ್ಲಿ ಎರಡನೇ ಜಾಗ ಹೋಗುವ ಊರು, ಮೂರನೆಯದು ಹೊರಟ ಊರು. ‘ಫಿ ಮೈಸೂರು’ ಅಂದರೆ ಮೈಸೂರಿಗೆ ಅಲ್ಲ, ಮೈಸೂರಿನಿಂದ!

ನನ್ನ ತಕರಾರು ಇರೋದು ಇಲ್ಲೇ. ಎಣಿಸಿ ಕೂರಿಸುವ ನಿಯಮ ನನಗೆ ಇಷ್ಟ. ಆದರೆ ಒಂದೇ ಕೆಲಸ ಮಾಡುವವರು ಒಂದೊಂದು ಪದದಲ್ಲಿ ಒಂದೊಂದು ಕಡೆ ಯಾಕೆ? ತಾವ್ಲಾ ಅಂದರೆ ಮಾತಾಡು, ಅಲ್ಲಿ ಕೇಳುವವರು ಎರಡನೇ ಜಾಗದಲ್ಲಿ. ಶುಸ್ಕು ಅಂದರೆ ಹೇಳು, ಅಲ್ಲಿ ಕೇಳುವವರು ಮೂರನೇ ಜಾಗದಲ್ಲಿ. ಯಾವುದು ಜಾಸ್ತಿ ಬೇಕಾಗುತ್ತೋ ಅದು ಮುಂದೆ ಬರಲಿ ಅನ್ನುವ ವಾದವಿದೆ. ಮಾತಾಡುವಾಗ ಯಾರ ಹತ್ತಿರ ಅನ್ನೋದು ಮುಖ್ಯ, ಹೇಳುವಾಗ ಏನನ್ನು ಅನ್ನೋದು ಮುಖ್ಯ. ಒಪ್ಪುತ್ತೇನೆ. ಆದರೂ 1,300ಕ್ಕಿಂತ ಜಾಸ್ತಿ ಮೂಲಪದಗಳಿವೆ. ಪ್ರತಿಯೊಂದರ ಪಟ್ಟಿಯನ್ನೂ ಬಾಯಿಪಾಠ ಮಾಡೋದು ಹೊಸಬರಿಗೆ ಸುಲಭ ಅಲ್ಲ. ಕೇಳುವವರು, ಪಡೆಯುವವರು, ಹೋಗಿ ಸೇರುವ ಜಾಗ, ಇವೆಲ್ಲಕ್ಕೂ ಮೂರನೇ ಜಾಗ ಅಂತ ಮೊದಲೇ ಮೀಸಲಿಟ್ಟಿದ್ದರೆ ಫಿ ನಿಜವಾದ ವಿಭಕ್ತಿಯೇ ಆಗಿಬಿಡುತ್ತಿತ್ತು, ಅಲ್ವಾ?

ಹಾಗಂತ ನಮ್ಮ ವಿಭಕ್ತಿಯೇ ಮೇಲು ಅಂತ ಸುಮ್ನೆ ಹೇಳಲಾರೆ. ‘ಹತ್ತು ರೂಪಾಯಿಗೆ ಅವನಿಗೆ ಮಾರಿದೆ’ ಅನ್ನೋ ಮಾತು ನೋಡಿ. ಎರಡು ‘ಗೆ’. ಒಂದು ಬೆಲೆ, ಒಂದು ಮನುಷ್ಯ. ಅರ್ಥ ನೋಡಿಕೊಂಡು ನಾವೇ ಬಿಡಿಸಿಕೊಳ್ಳಬೇಕು. ಲೋಜ್ಬಾನ್‌ನಲ್ಲಿ ಮಾರು ಅನ್ನಲು ವೆಶ್ನು. ಕೊಳ್ಳುವವರು ಮೂರನೇ ಜಾಗ, ಬೆಲೆ ನಾಲ್ಕನೇ ಜಾಗ. ಗೊಂದಲಕ್ಕೆ ಎಡೆಯೇ ಇಲ್ಲ. ಇದನ್ನು ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು.

ಪೂರ್ತಿ ವ್ಯಾಕರಣ 1997ರಲ್ಲೇ ಪುಸ್ತಕವಾಗಿ ಬಂದಿದೆ. ಈಗ ಜಾಗಗಳನ್ನು ಕದಲಿಸಿದರೆ ಇದುವರೆಗೆ ಬರೆದದ್ದೆಲ್ಲ ತಪ್ಪಾಗುತ್ತೆ, ಅದು ಬೇಡ. ಆದರೆ ಕಲಿಸುವವರಿಗೆ ಒಂದು ಮಾತು. ಫಾ, ಫೆ, ಫಿಗಳನ್ನು ಮುಂದಿನ ಪಾಠಕ್ಕೆ ಅಂತ ಎತ್ತಿಡಬೇಡಿ. ಕನ್ನಡದವರಿಗಂತೂ ಮೊದಲ ದಿನವೇ, ದುಂದ ಪದದ ಜೊತೆಗೇ ಹೇಳಿಕೊಡಿ.