ಹಗಲು ಪ್ರವಾಸ, ಇರುಳು ಸಂಸಾರ

ಅಮೆರಿಕದಲ್ಲಿ ಕ್ರಿಸ್‌ಮಸ್ ರಜೆಗೆ ಆರ್‌ವಿ, ಅಂದರೆ ಮಂಚ, ಒಲೆ, ಬಚ್ಚಲು ಎಲ್ಲ ಇರುವ ಮನೆಗಾಡಿ, ಬಾಡಿಗೆಗೆ ಹಿಡಿದು ಹೊರಡುವವರು ಎಲ್ಲ ಲೆಕ್ಕವನ್ನೂ ಹಾಕಿರುತ್ತಾರೆ. ಯಾವ ದಾರಿ, ಯಾವ ಕ್ಯಾಂಪ್‌ಗ್ರೌಂಡ್, ಗ್ಯಾಲನ್ನಿಗೆ ಹತ್ತು ಮೈಲಿ ಕೊಟ್ಟರೆ ಪುಣ್ಯ ಎನ್ನುವ ಗಾಡಿಗೆ ಪೆಟ್ರೋಲ್ ಎಷ್ಟು ಸುರಿಯಬೇಕು, ಎಲ್ಲ. ಹೊತ್ತು ಮುಳುಗುವ ಸಮಯವನ್ನು ಮಾತ್ರ ಯಾರೂ ಬರೆದಿಟ್ಟುಕೊಂಡಿರುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣ ಅಂಚಿನಲ್ಲಿ ಆಗ ಸೂರ್ಯ ಬರುವುದು ಬೆಳಿಗ್ಗೆ ಏಳೂವರೆ ದಾಟಿದ ಮೇಲೆ, ಸಂಜೆ ಐದೂಕಾಲಿಗೆಲ್ಲ ಮನೆಗೆ ಹೋಗಿಬಿಡುತ್ತಾನೆ. ನೋಡುವುದಕ್ಕೆ ಸಿಕ್ಕಿದ್ದು ಹತ್ತು ಗಂಟೆಗೂ ಕಡಿಮೆ. ಉಳಿದ ಹದಿನಾಲ್ಕು ಗಂಟೆ ಇಪ್ಪತ್ತೈದು ಅಡಿ ಉದ್ದದ ಡಬ್ಬಿಯೊಳಗೆ, ನಾವೇ ಒತ್ತಾಯಮಾಡಿ ಕರೆತಂದ ಬಂಧುಗಳ ಎದುರಿಗೆ!

ಬೇಸಿಗೆಯಾದರೆ ಗಾಡಿ ಬೇಕಾಗುವುದು ಮಲಗುವುದಕ್ಕೆ ಮಾತ್ರ. ಹೊರಗೆ ಮಡಚುಕುರ್ಚಿ ಹಾಕಿ, ಬೆಂಕಿ ಒಟ್ಟಿಕೊಂಡು ಹರಟುತ್ತಾ ಕೂತರೆ ಅರ್ಧ ರಾತ್ರಿ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಆ ಮಾತಿಲ್ಲ. ದಕ್ಷಿಣ ಅಂಚು ಇರುವುದೇ ಸುಮಾರು 7,000 ಅಡಿ ಎತ್ತರದಲ್ಲಿ. ಕತ್ತಲಾಯಿತೆಂದರೆ ಹೊರಗಿನ ನಲ್ಲಿಯಿಂದ ಗಾಡಿಗೆ ಎಳೆದ ನೀರಿನ ಪೈಪು ಹೆಪ್ಪುಗಟ್ಟುತ್ತದೆ. ಆದ್ದರಿಂದ ಬಲ್ಲವರು ಸಂಜೆಯೇ ಗಾಡಿಯ ಟ್ಯಾಂಕ್ ತುಂಬಿಸಿ, ಪೈಪು ಬಿಚ್ಚಿ ಸುತ್ತಿಟ್ಟು, ರಾತ್ರಿಗೆ ಪಂಪಿನ ನೀರನ್ನೇ ನಂಬುತ್ತಾರೆ. ಪ್ರೊಪೇನ್ ಹೀಟರಿನದು ಇನ್ನೊಂದು ಪಾಡು. ಅದು ಶುರುವಾದರೆ ಸದ್ದಿಗೆ ಎಚ್ಚರ, ನಿಂತರೆ ಚಳಿಗೆ ಎಚ್ಚರ. ಸಿಲಿಂಡರ್ ತುಂಬಿದೆಯೆಂದು ನೆಮ್ಮದಿಯಿಂದಲೂ ಇರುವಂತಿಲ್ಲ. ಅದರ ಫ್ಯಾನ್ ತಿರುಗುವುದು ಬ್ಯಾಟರಿಯಿಂದ. ಬ್ಯಾಟರಿ ಸೋತರೆ ಗ್ಯಾಸ್ ಎಷ್ಟಿದ್ದರೂ ಕಂಬಳಿಯೇ ಗತಿ.

ಇನ್ನು ಆ ಹದಿನಾಲ್ಕು ಗಂಟೆಯ ವಿಚಾರ. ಆರ್‌ವಿಯಲ್ಲಿ ಊಟದ ಮೇಜೇ ರಾತ್ರಿ ಮಂಚ. ಹಾಗಾಗಿ ಮೊದಲು ಆಕಳಿಸಿದವರೇ ಮನೆಯ ಯಜಮಾನರು. ಅವರು ಮಲಗುತ್ತೇನೆಂದರೆ ಉಳಿದವರು ಇಸ್ಪೀಟನ್ನೂ ತಟ್ಟೆಯನ್ನೂ ಎತ್ತಿಕೊಂಡು ಏಳಬೇಕು. ಒಬ್ಬರು ಮಗ್ಗುಲು ಬದಲಿಸಿದರೆ ಗಾಡಿಯೇ ತೂಗುತ್ತದೆ. ಬಚ್ಚಲಿನ ಬಾಗಿಲಿನ ಆಚೆ ಏನು ನಡೆಯುತ್ತಿದೆ ಎನ್ನುವುದು ಗುಟ್ಟಾಗಿ ಉಳಿಯುವುದಿಲ್ಲ. ಮನೆಯಲ್ಲಿ ಮುನಿಸಿಕೊಂಡವರು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಇಲ್ಲಿ ಮುನಿಸಿಕೊಂಡವರು ಹೋಗಿ ಕೂರಬೇಕಾದದ್ದು ಡ್ರೈವರ್ ಸೀಟಿನಲ್ಲಿ. ಅಲ್ಲಿ ಹೀಟರಿನ ಬಿಸಿ ಸರಿಯಾಗಿ ತಲುಪುವುದಿಲ್ಲ, ಹತ್ತು ನಿಮಿಷದಲ್ಲಿ ರಾಜಿಯಾಗುತ್ತದೆ. ನನ್ನನ್ನು ಕೇಳಿದರೆ ಬಾಡಿಗೆಯ ಅರ್ಧ ಹಣ ಇದಕ್ಕೇ ವಸೂಲಾಯಿತು. ಫೋನಿಗೆ ಸಿಗ್ನಲ್ಲೂ ಸಿಗದಿದ್ದರೆ ಇನ್ನೂ ಒಳ್ಳೆಯದು. ಏಳು ಗಂಟೆಗೆ ಊಟ ಮುಗಿದು, ನಿದ್ದೆ ಬಾರದೆ, ಬೇರೆ ದಾರಿಯಿಲ್ಲದೆ, ದೊಡ್ಡವರು ತಮ್ಮ ಮದುವೆಯಲ್ಲಿ ನಡೆದ ಜಗಳಗಳನ್ನೆಲ್ಲ ಹೇಳತೊಡಗುತ್ತಾರೆ.

ಹಗಲಿಗೂ ಅನ್ಯಾಯವಾಗಬಾರದು. ಕ್ಯಾನ್ಯನ್‌ನ ಹರ್ಮಿಟ್ ರಸ್ತೆಯಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ವಾಹನ ಬಿಡುವುದಿಲ್ಲ, ಪಾರ್ಕಿನ ಬಸ್ಸಿನಲ್ಲೇ ಹೋಗಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಗಾಡಿಯಲ್ಲೇ ಹೋಗಬಹುದು. ಸುಮಾರು ಏಳು ಮೈಲಿಯ ದಾರಿ. ಜಾಗ ಸಿಕ್ಕ ಕಡೆ ನಿಲ್ಲಿಸಿ, ಒಲೆ ಹಚ್ಚಿ, ಲೋಟ ಹಿಡಿದು ಕೆಳಗಿಳಿದರೆ ಕೆಂಪು ಬಂಡೆಯ ಒಂದೊಂದು ಮೆಟ್ಟಿಲ ಮೇಲೂ ಹಿಮದ ಗೆರೆ. ಕಣಿವೆಯ ಪದರಗಳನ್ನು ಇಷ್ಟು ಬಿಡಿಸಿ ತೋರಿಸುವ ಕೆಲಸ ಬೇಸಿಗೆಯ ಬಿಸಿಲಿನ ಕೈಯಲ್ಲಿ ಆಗುವುದಿಲ್ಲ.

ಚಳಿಯ ಗೊಡವೆಯೇ ಬೇಡವೆನ್ನುವ ಜಾಣರು ಇನ್ನೂ ತಗ್ಗಿಗೆ ಇಳಿಯುತ್ತಾರೆ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್ ಎಂಬ ಉಪ್ಪುಬಯಲು ಇರುವ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಬೇಸಿಗೆಯಲ್ಲಿ ಸುಡುಬಾಣಲೆ, ಚಳಿಗಾಲದಲ್ಲಿ ಅದಕ್ಕೇ ಸುಗ್ಗಿ. ಅರಿಜೋನದ ಕ್ವಾರ್ಟ್ಜ್‌ಸೈಟ್ ಎಂಬ ಊರಿನ ಸುತ್ತಲಿನ ಸರ್ಕಾರಿ ಮರಳುಗಾಡಿನಲ್ಲಂತೂ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಪಡೆದು ಬೀಡುಬಿಡಬಹುದು. ಉತ್ತರದ ಹಿಮಕ್ಕೆ ಬೆನ್ನು ತೋರಿಸಿ ಬಂದ ನಿವೃತ್ತರದೇ ಅಲ್ಲಿ ರಾಜ್ಯಭಾರ. ಹಬ್ಬದ ಅಲಂಕಾರ, ನೆಂಟರ ಗಲಾಟೆ ಸಾಕೆಂದು ಮನೆಗೆ ಬೀಗ ಹಾಕಿ ಬಂದವರೇ ಗಾಡಿಯ ಸುತ್ತ ಬಣ್ಣದ ದೀಪದ ಸರ ಬಿಡುತ್ತಾರೆ, ಮುಂದಿನ ಗ್ರಿಲ್‌ಗೆ ಹಸಿರೆಲೆಯ ಹಬ್ಬದ ಬಳೆ ಕಟ್ಟುತ್ತಾರೆ, ಗಾಳಿ ತುಂಬಿದ ಸಾಂಟಾನನ್ನು ಮರಳಿನಲ್ಲಿ ನಿಲ್ಲಿಸುತ್ತಾರೆ.

ಇವರೆಲ್ಲ ಒಟ್ಟಿಗೆ ಸೇರುವ ಜಾಗವೆಂದರೆ ಡಂಪ್ ಸ್ಟೇಷನ್. ಗಾಡಿಯ ಹೊಟ್ಟೆಯಲ್ಲಿ ತುಂಬಿಕೊಂಡ ಶೌಚದ ನೀರನ್ನು ಖಾಲಿ ಮಾಡುವ ಕಟ್ಟೆ. ಹಬ್ಬದ ಬೆಳಿಗ್ಗೆಯೂ ಸಾಲು ತಪ್ಪಿದ್ದಲ್ಲ. ತಲೆಗೆ ಕೆಂಪು ಟೋಪಿ, ಕೈಗೆ ರಬ್ಬರ್ ಗ್ಲೌಸು, ಕಂಕುಳಲ್ಲಿ ದಪ್ಪ ಕೊಳವೆ. ಹಿಂದೆ ಮುಂದೆ ನಿಂತವರೆಲ್ಲ ತುಂಬಿದ ಮನಸ್ಸಿನಿಂದ ಮೆರಿ ಕ್ರಿಸ್‌ಮಸ್ ಹೇಳುತ್ತಾರೆ. ಕೈ ಮಾತ್ರ ಯಾರೂ ಕುಲುಕುವುದಿಲ್ಲ.