ಡೀಲಕ್ಸ್ ರೂಮಿನ ಕಲ್ಲು

ನಮ್ ಚಿಕ್ಕಪ್ಪನ ಪಿತ್ತಕೋಶದಲ್ಲಿ ಕಲ್ಲಿತ್ತು, ಕೈಯಲ್ಲಿ 5 ಲಕ್ಷದ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ಇತ್ತು, ಅದಕ್ಕೇ ಕತ್ರಿಗುಪ್ಪೆಯಿಂದ ಆಸ್ಪತ್ರೆಗೆ ಹೊರಟಿದ್ದು ಮದುವೆಗೆ ಹೊರಟಂಗೆ, ಇಸ್ತ್ರಿ ಶರ್ಟ್ ಹಾಕ್ಕೊಂಡು. "ಎಲ್ಲಾ ಕ್ಯಾಶ್‌ಲೆಸ್ ಕಣೋ, ನೀನು ಆಧಾರ್ ಜೆರಾಕ್ಸ್ ಒಂದು ತಗೊಂಡ್ ಬಾ ಸಾಕು" ಅಂದ್ರು. ಈ ಕಲ್ಲಿಗೆ ಪಾಲಿಸಿಲಿ ಎರಡು ವರ್ಷ ವೇಟಿಂಗ್ ಪೀರಿಯಡ್, ಅಂದ್ರೆ ಅಲ್ಲೀವರೆಗೂ ದುಡ್ಡು ಕೊಡಲ್ಲ, ಕಲ್ಲು ಕಾಣಿಸ್ಕೊಂಡಿದ್ದು ಸರಿಯಾಗಿ ಮೂರನೇ ವರ್ಷ. ಅಂದ್ರೆ ನಮ್ಮನೇಲಿ ಪಾಲಿಸಿ ಪೂರ್ತಿ ಓದಿದ್ದು ಆ ಕಲ್ಲು ಒಂದೇ.

ರೂಮ್ ದಿನಕ್ಕೆ 8,000. ಪಾಲಿಸಿಲಿ ರೂಮ್ ಬಾಡಿಗೆಗೆ ಮಿತಿ ಆ 5 ಲಕ್ಷದ 1 ಪರ್ಸೆಂಟು, ಅಂದ್ರೆ ದಿನಕ್ಕೆ 5,000. ಕಮ್ಮಿ ರೇಟಿನ ರೂಮ್ ಖಾಲಿ ಇಲ್ಲ ಅಂದ್ರು. ಚಿಕ್ಕಪ್ಪ ಬೆರಳಲ್ಲೇ ಲೆಕ್ಕ ಹಾಕಿ, ಮೂರು ದಿನಕ್ಕೆ 9,000 ಕೈಯಿಂದ ಹೋಗುತ್ತೆ ತಾನೇ, ಹೋಗ್ಲಿ ಬಿಡು ಅಂದು ಡೀಲಕ್ಸ್‌ನಲ್ಲಿ ಮಲಗಿದ್ರು. ಡೀಲಕ್ಸ್ ಅಂದ್ರೆ ಏನೂ ಇಲ್ಲ, ಒಂದು ಟೀವಿ, ಒಂದು ಕಿಟಕಿ, ಕಿಟಕಿ ತೆಗೆದ್ರೆ ಎದುರು ಪಿಜಿ ಬಾಲ್ಕನಿಲಿ ಒಣಗಾಕಿರೋ ಚಡ್ಡಿಗಳು.

ಡಿಸ್ಚಾರ್ಜ್ ದಿನ ಬಿಲ್ 1,45,400. ನಾವು ಕಟ್ಟಬೇಕಾಗಿದ್ದು 52,400!

ಇನ್ಶೂರೆನ್ಸ್ ಡೆಸ್ಕಿನ ಹುಡುಗ ಪಾಪ ಒಳ್ಳೆಯವನು, ಪೇಪರ್ ತಿರುಗಿಸಿ ಬರೆದು ತೋರಿಸಿದ. 8,000ಕ್ಕೆ 5,000 ಅಂದ್ರೆ 62.5 ಪರ್ಸೆಂಟು. ಹಾಗಾಗಿ ಸರ್ಜನ್, ಅನಸ್ತೇಸಿಯಾ, ಓಟಿ, ನರ್ಸಿಂಗ್ ಎಲ್ಲ ಸೇರಿ 96,000 ಆಗಿದ್ರೆ ಅದರಲ್ಲೂ 62.5 ಪರ್ಸೆಂಟೇ ಕೊಡೋದು, ಮಿಕ್ಕಿದ 36,000 ನಿಮ್ದು. "ಇದಕ್ಕೆ ಪ್ರೊಪೋರ್ಷನೇಟ್ ಡಿಡಕ್ಷನ್ ಅಂತಾರೆ ಅಮ್ಮಾ." ಚಿಕ್ಕಮ್ಮ ಕೇಳಿದ್ರು, "ಅಲ್ಲಪ್ಪಾ, ಆಪರೇಷನ್ ಏನು ಆ ರೂಮಲ್ಲೇ ಮಾಡಿದ್ರಾ?"

ಹುಡುಗನ ಹತ್ರ ಉತ್ತರ ಇರಲಿಲ್ಲ, ಯಾರ ಹತ್ರನೂ ಇಲ್ಲ. ಡಾಕ್ಟ್ರು ಒಬ್ರೇ, ಓಟಿ ಒಂದೇ, ಕತ್ತರಿ ಒಂದೇ, ಆದ್ರೆ ಜನರಲ್ ವಾರ್ಡಿನ ಕಲ್ಲಿಗೆ ಒಂದು ರೇಟು, ಡೀಲಕ್ಸ್ ಕಲ್ಲಿಗೆ ಇನ್ನೊಂದು. ಹೋಟ್ಲಲ್ಲೂ ಎಸಿ ಹಾಲಲ್ಲಿ ಕೂತ್ರೆ ದೋಸೆಗೆ ಜಾಸ್ತಿ ತಗೋತಾರೆ, ಒಪ್ಕೋತೀನಿ, ಆದ್ರೆ ಅಲ್ಲಿ ಕನಿಷ್ಠ ದೋಸೆನಾದ್ರೂ ಎಸಿಲಿ ಕೂತು ತಿಂತೀವಿ. ಇಲ್ಲಿ ಚಿಕ್ಕಪ್ಪ ಓಟಿಲಿ ಪ್ರಜ್ಞೆ ತಪ್ಪಿ ಮಲಗಿದ್ದಾಗಲೂ ಮೇಲಿರೋ ಆ ಕಿಟಕಿಗೆ ದುಡ್ಡು ಕಟ್ತಾ ಇದ್ರು. ಔಷಧಿ, ಇಂಪ್ಲಾಂಟು, ಐಸಿಯುಗೆ ಈ ಕತ್ತರಿ ಹಾಕಂಗಿಲ್ಲ ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಕ ಐಆರ್‌ಡಿಎಐ ನಿಯಮ ಇದೆ, ರೂಮ್ ನೋಡಿ ರೇಟ್ ಬದಲಾಯಿಸದ ಆಸ್ಪತ್ರೆಲೂ ಹಾಕಂಗಿಲ್ಲ. ಆ ಥರ ಆಸ್ಪತ್ರೆ ಎಲ್ಲಿದೆ ಅಂತ ಹೊಟ್ಟೆನೋವಲ್ಲಿ ಬೆಂಗಳೂರು ಟ್ರಾಫಿಕ್‌ನಲ್ಲಿ ಹುಡುಕ್ಕೊಂಡು ಹೋಗೋದು ನಮ್ಮ ಕೆಲಸ.

ರೂಮಿನ 9,000, ಈ 36,000 ಹೋಗಿ ಮಿಕ್ಕಿದ 7,400 ಗ್ಲೌಸು, ಮಾಸ್ಕು, ಥರ್ಮಾಮೀಟರ್ ಇತ್ಯಾದಿ. ಹೀಗೆ ಇನ್ಶೂರೆನ್ಸ್‌ನವರು ದುಡ್ಡು ಕೊಡದ, ಅಂದ್ರೆ ನಾನ್ ಪೇಯಬಲ್, ಐಟಮ್ಮುಗಳದ್ದೇ 68ರ ಪಟ್ಟಿ ಇದೆ, ಅದೂ ಅಫಿಷಿಯಲ್ಲು. ಡಾಕ್ಟ್ರು ಬರಿಗೈಲಿ ಆಪರೇಷನ್ ಮಾಡಿದ್ರೆ ಇನ್ನೊಂಚೂರು ಉಳೀತಿತ್ತೇನೋ.

ರೇಷನ್ ಕಾರ್ಡಿನ ಸರ್ಕಾರಿ ಸ್ಕೀಮ್ ಇತ್ತಲ್ಲ ಅಂತೀರಾ? ಬಿಪಿಎಲ್‌ಗೆ 5 ಲಕ್ಷ, ನಮ್ಮಂಥ ಎಪಿಎಲ್‌ಗೆ ಪ್ಯಾಕೇಜ್ ರೇಟಿನ 30 ಪರ್ಸೆಂಟು. ಅಲ್ಲೂ ಪರ್ಸೆಂಟೇಜೇ!

ಆಮೇಲೆ ಕಾಯೋದು. ಇನ್ಶೂರೆನ್ಸ್ ಕಂಪನಿ ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆ ಒಳಗೆ ಕೊಡಬೇಕು, ಮೀರಿದ್ರೆ ಆಸ್ಪತ್ರೆ ಹಾಕೋ ಹೆಚ್ಚಿನ ಚಾರ್ಜನ್ನ ಕಂಪನಿ ತನ್ನ ಷೇರುದಾರರ ದುಡ್ಡಿಂದ ಕಟ್ಟಬೇಕು ಅಂತ 2024ರಲ್ಲೇ ಆದೇಶ ಆಗಿದೆ. ನಾನು ಪಾಯಿಂಟ್ ಹಾಕಿದೆ. ಹುಡುಗ ನಕ್ಕ. "ಸಾರ್, ಆ 3 ಗಂಟೆ ನಾವು ಫೈಲ್ ಕಳಿಸಿದ ಮೇಲಿಂದ. ಇನ್ನೂ ಕಳಿಸಿಲ್ಲ." ಬೆಳಗ್ಗೆ 10ಕ್ಕೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತ ಚಿಕ್ಕಪ್ಪ ಸಂಜೆ ಏಳೂವರೆಗೆ ಎದ್ರು.

ಹೊರಡೋವಾಗ ನರ್ಸ್ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಲಿ ಕಲ್ಲು ಹಾಕಿ ಕೈಗಿಟ್ರು, ನೆನಪಿಗೆ. ಕಡಲೆಕಾಳಿನಷ್ಟಿತ್ತು. ಮನೇಲಿ ಬಿಲ್ ಬಿಚ್ಚಿ ನೋಡಿದ್ರೆ ಆ ಡಬ್ಬಿಗೆ 85 ರೂಪಾಯಿ, ಪಕ್ಕದಲ್ಲಿ ಸೀಲು: ನಾನ್ ಪೇಯಬಲ್.